ಆತ್ಮಾವಲೋಕನ: ನಿರ್ಧಾರಕ್ಕೆ ಮೊದಲು ಮನಸ್ಸನ್ನು ನೋಡಿಕೊಳ್ಳುವ ಜೈನ ಕ್ರಮ

ತನ್ನ ಗಮನ ಎಲ್ಲಿದೆ, ತನ್ನೊಳಗೆ ಯಾವ ಭಾವ ಎದ್ದಿದೆ, ತಾನು ಏನನ್ನು ಮೊದಲೇ ನಿಜವೆಂದು ನಂಬಿಕೊಂಡಿದ್ದೇನೆ ಎಂಬುದನ್ನು ತಾನೇ ನೋಡಿಕೊಳ್ಳುವುದಕ್ಕೆ ಆತ್ಮಾವಲೋಕನ ಎನ್ನುತ್ತೇವೆ. ಜೈನ ಶಾಸ್ತ್ರಗಳಲ್ಲಿ ಇದು ಬರಿಯ ಉಪದೇಶವಲ್ಲ. ಗಮನ ತಪ್ಪುವುದಕ್ಕೆ ಪ್ರಮಾದ, ಭಾವದ ಕಲುಷಕ್ಕೆ ಕಷಾಯ, ಒಂದೇ ಕಡೆಯಿಂದ ನೋಡಿ ಅದೇ ಪೂರ್ಣ ಸತ್ಯವೆನ್ನುವುದಕ್ಕೆ ಏಕಾಂತ ಎಂದು ಹೆಸರಿದೆ. ಪ್ರತಿಯೊಂದಕ್ಕೂ ಭೇದಗಳಿವೆ, ಎಣಿಕೆಯಿದೆ, ಸರಿಪಡಿಸಿಕೊಳ್ಳುವ ನಿತ್ಯದ ಕ್ರಮವೂ ಇದೆ. ಶ್ರಾವಕ-ಶ್ರಾವಿಕೆಯರು ಮನೆ, ವ್ಯಾಪಾರ, ಬಂಧುತ್ವಗಳ ನಡುವೆ ಇವುಗಳನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದನ್ನು ಈ ಲೇಖನದಲ್ಲಿ ಸಂಗ್ರಹಿಸಲಾಗಿದೆ.

ಎಲ್ಲ ಕುಟುಂಬಗಳಲ್ಲೂ ನಡೆಯಬಹುದಾದ ಒಂದು ಸಂದರ್ಭವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ತಮ್ಮನ ಹೊಸ ಮನೆಯ ಗೃಹಪ್ರವೇಶ. ಬಂಧುಗಳಿಗೆಲ್ಲ ಆಮಂತ್ರಣ ಪತ್ರಿಕೆ ಹೋಗಿದೆ, ಅಣ್ಣನ ಮನೆಗೆ ಮಾತ್ರ ಬಂದಿಲ್ಲ. ಅಣ್ಣ ಹೋಗುವುದಿಲ್ಲ. ತಮ್ಮ ಕೇಳುವುದಿಲ್ಲ. ಮುಂದೆ ಮಕ್ಕಳ ಮದುವೆಗೂ ಇವರು ಅವರನ್ನು ಕರೆಯುವುದಿಲ್ಲ. ಇಪ್ಪತ್ತು ವರ್ಷಗಳ ಮೌನಕ್ಕೆ ಕಾರಣವಾದದ್ದು ಏನೆಂದು ಹುಡುಕಿದರೆ ಸಿಗುವುದು ಒಂದು ಪತ್ರಿಕೆ ಬಾರದೆ ಹೋದದ್ದು ಮಾತ್ರ. ಆ ದಿನ ಅಣ್ಣನ ಮನಸ್ಸಿನಲ್ಲಿ ಏನಾಯಿತು?

ಉಪಯೋಗ ಮತ್ತು ಪ್ರಮಾದ

ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಜೀವದ ಲಕ್ಷಣ ಉಪಯೋಗ ಎನ್ನುತ್ತಾರೆ. ನಾವು ದಿನಬಳಕೆಯಲ್ಲಿ ಹೇಳುವ ‘ಬಳಕೆ’ ಎಂಬ ಅರ್ಥ ಇಲ್ಲಿಲ್ಲ. ಚೈತನ್ಯವು ಯಾವುದಾದರೂ ವಿಷಯದ ಕಡೆಗೆ ತಿರುಗಿ ಅದನ್ನು ತಿಳಿಯುವ ವ್ಯಾಪಾರವೇ ಉಪಯೋಗ. ಅದು ಜ್ಞಾನೋಪಯೋಗ, ದರ್ಶನೋಪಯೋಗ ಎಂದು ಎರಡು ಬಗೆ. ನಮ್ಮ ಗಮನ ಎಲ್ಲಿ ಹರಿಯುತ್ತಿದೆ ಎಂಬುದು ಸಣ್ಣ ವಿಷಯವಲ್ಲ, ಜೀವದ ಲಕ್ಷಣಕ್ಕೇ ಸಂಬಂಧಪಟ್ಟದ್ದು.

ಈ ಎಚ್ಚರ ತಪ್ಪಿದಾಗ ಪ್ರಮಾದ. ಅದೇ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಕರ್ಮಬಂಧಕ್ಕೆ ಮಿಥ್ಯಾದರ್ಶನ, ಅವಿರತಿ, ಪ್ರಮಾದ, ಕಷಾಯ, ಯೋಗ ಎಂಬ ಐದು ಕಾರಣಗಳನ್ನು ಹೇಳಿದೆ. ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣ ಹೇಳುವಾಗಲೂ ಪ್ರಾಣಘಾತದ ಜೊತೆಗೆ ಪ್ರಮಾದವನ್ನು ಸೇರಿಸಿದೆ. ಅಂದರೆ ‘ನಾನು ಬೇಕೆಂದು ಮಾಡಲಿಲ್ಲ, ಗಮನ ಇರಲಿಲ್ಲ’ ಎಂಬ ಮಾತು ನಮ್ಮನ್ನು ಪೂರ್ತಿಯಾಗಿ ಬಿಡಿಸುವುದಿಲ್ಲ. ಗಮನ ಇಲ್ಲದಿರುವುದೇ ಅಲ್ಲಿ ದೋಷ.

ಪ್ರಮಾದಗಳನ್ನು 15 ಎಂದು ಎಣಿಸುವುದು ರೂಢಿ: ನಾಲ್ಕು ವಿಕಥೆಗಳು, ನಾಲ್ಕು ಕಷಾಯಗಳು, ಐದು ಇಂದ್ರಿಯಗಳ ವಶವಾಗುವುದು, ನಿದ್ರೆ ಮತ್ತು ಸ್ನೇಹ. ವಿಕಥೆಗಳೆಂದರೆ ಸ್ತ್ರೀಯರ ಬಗ್ಗೆ, ಊಟದ ಬಗ್ಗೆ, ದೇಶದ ಬಗ್ಗೆ, ಅರಸರ ಬಗ್ಗೆ ಕಾಲ ಕಳೆಯಲೆಂದೇ ಆಡುವ ಮಾತು. ಇಂದು ಮೊಬೈಲಿನಲ್ಲಿ ಒಂದು ಗಂಟೆ ಕಳೆದ ಮೇಲೆ ನೋಡಿದ್ದನ್ನು ನೆನಪು ಮಾಡಿಕೊಂಡರೆ ಬಹುಪಾಲು ಈ ನಾಲ್ಕರಲ್ಲೇ ಸೇರಿಹೋಗುತ್ತದೆ.

ಪ್ರಮಾದಕ್ಕೆ ಎದುರಾಗಿ ಮುನಿಗಳಿಗೆ ಹೇಳಿದ್ದು ಐದು ಸಮಿತಿಗಳು: ಈರ್ಯಾ, ಭಾಷಾ, ಏಷಣಾ, ಆದಾನ-ನಿಕ್ಷೇಪಣ, ಉತ್ಸರ್ಗ. ನಡೆಯುವಾಗ ನಾಲ್ಕು ಕೈಗಳಷ್ಟು ಮುಂದಿನ ನೆಲವನ್ನು ನೋಡಿ ನಡೆಯುವುದು, ಅಳೆದು ಮಾತಾಡುವುದು, ಒಂದು ವಸ್ತುವನ್ನು ಎತ್ತಿ ಇಡುವಾಗಲೂ ನೋಡಿ ಇಡುವುದು. ಇವು ಮಹಾವ್ರತಿಗಳ ಆಚರಣೆಗಳಾದರೂ ಶ್ರಾವಕರು ಶಕ್ತ್ಯನುಸಾರ ಅಭ್ಯಾಸ ಮಾಡಬಹುದು. ನೀರು ಸೋಸುವುದು, ಧಾನ್ಯ ಆರಿಸುವುದು, ಒಲೆ ಹಚ್ಚುವ ಮೊದಲು ನೋಡುವುದು ಮುಂತಾಗಿ ನಮ್ಮ ಅಡುಗೆಮನೆಗಳಲ್ಲಿ ಅಜ್ಜಿಯರ ಕಾಲದಿಂದ ಬಂದ ಪದ್ಧತಿಗಳೂ ಇದೇ ಎಚ್ಚರದ ಅಭ್ಯಾಸಗಳು.

ಒಮ್ಮೆ ಗಮನ ತಪ್ಪಿದರೆ ನಿರಾಶರಾಗಬೇಕಾಗಿಲ್ಲ. ಗುಣಸ್ಥಾನಗಳಲ್ಲಿ ಆರನೆಯದು ಪ್ರಮತ್ತವಿರತ, ಏಳನೆಯದು ಅಪ್ರಮತ್ತವಿರತ. ಮುನಿಗಳು ಸಹ ಈ ಎರಡರ ನಡುವೆ ಮತ್ತೆ ಮತ್ತೆ ಹೋಗಿ ಬರುತ್ತಿರುತ್ತಾರೆ ಎಂದು ಶಾಸ್ತ್ರ ಹೇಳುತ್ತದೆ. ಗಮನ ಜಾರುವುದು ಸಹಜ, ಜಾರಿದ್ದನ್ನು ಅರಿತು ಮರಳುವುದು ಸಾಧನೆ.

ತಿಳಿವಳಿಕೆಯ ನಾಲ್ಕು ಹಂತಗಳು

ಇಂದ್ರಿಯ ಮತ್ತು ಮನಸ್ಸಿನ ಮೂಲಕ ಆಗುವ ಮತಿಜ್ಞಾನಕ್ಕೆ ತತ್ತ್ವಾರ್ಥಸೂತ್ರ ನಾಲ್ಕು ಹಂತಗಳನ್ನು ಹೇಳುತ್ತದೆ: ಅವಗ್ರಹ, ಈಹಾ, ಅವಾಯ, ಧಾರಣಾ. ಕರ್ನಾಟಕದ ಜೈನ ಪರಂಪರೆಯಲ್ಲಿ ದೇವನಂದಿ ಎಂಬ ಹೆಸರಿನಿಂದಲೂ ಪ್ರಸಿದ್ಧರಾದ ಪೂಜ್ಯಪಾದ ಆಚಾರ್ಯರು ತಮ್ಮ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಇದನ್ನು ಬೆಳ್ಳಕ್ಕಿಯ ಉದಾಹರಣೆಯಿಂದ ವಿವರಿಸಿದ್ದಾರೆ.

ದೂರದಲ್ಲಿ ಬೆಳ್ಳಗೆ ಏನೋ ಕಾಣುತ್ತದೆ. ಇದು ಅವಗ್ರಹ. ಅದು ಬೆಳ್ಳಕ್ಕಿಯೋ, ಪತಾಕೆಯೋ ಎಂದು ವಿಶೇಷವಾಗಿ ತಿಳಿಯಲು ಮನಸ್ಸು ಹೊರಡುತ್ತದೆ. ಇದು ಈಹಾ. ಅದು ಮೇಲೇರುವುದು, ಕೆಳಗಿಳಿಯುವುದು, ರೆಕ್ಕೆ ಬಡಿಯುವುದು ಕಂಡು ಬೆಳ್ಳಕ್ಕಿಯೇ ಹೌದು, ಪತಾಕೆಯಲ್ಲ ಎಂದು ನಿಶ್ಚಯವಾಗುತ್ತದೆ. ಇದು ಅವಾಯ. ಮತ್ತೆ ಕಂಡಾಗ ‘ಬೆಳಿಗ್ಗೆ ನೋಡಿದ ಹಕ್ಕಿಯೇ ಇದು’ ಎಂದು ನೆನಪಾಗುವಂತೆ ಉಳಿಯುತ್ತದೆ. ಇದು ಧಾರಣಾ.

ಆಮಂತ್ರಣದ ಸಂದರ್ಭವನ್ನು ಇದಕ್ಕೆ ಹೊಂದಿಸಿ ನೋಡಿ. ‘ಪತ್ರಿಕೆ ಬರಲಿಲ್ಲ’ ಎಂಬುದು ಅವಗ್ರಹ. ಅಂಚೆಯಲ್ಲಿ ತಪ್ಪಿತೇ, ಹಂಚಲು ಹೋದ ಹುಡುಗ ಮರೆತನೇ, ಅಣ್ಣನಿಗೆ ತಾನೇ ಬಂದು ಹೇಳಬೇಕೆಂದು ತಮ್ಮ ತಡಮಾಡಿದನೇ, ನಿಜವಾಗಿಯೂ ಬೇಡವೆಂದು ಬಿಟ್ಟನೇ ಎಂದು ವಿಚಾರಿಸುವುದು ಈಹಾ. ಅಣ್ಣ ಈ ಹಂತವನ್ನೇ ದಾಟಿಬಿಟ್ಟ. ‘ಬೇಕೆಂದೇ ಕರೆಯಲಿಲ್ಲ’ ಎಂಬ ಅವಾಯಕ್ಕೆ ನೇರವಾಗಿ ಹಾರಿದ. ಅದು ಧಾರಣೆಯಾಗಿ ಇಪ್ಪತ್ತು ವರ್ಷ ಉಳಿಯಿತು. ಬೆಳ್ಳಗೆ ಕಂಡದ್ದು ನಿಜ, ಆದರೆ ರೆಕ್ಕೆ ಬಡಿಯುತ್ತದೆಯೇ ಎಂದು ನೋಡಲಿಲ್ಲ.

ಜೈನ ನ್ಯಾಯಗ್ರಂಥಗಳು ತಪ್ಪು ತಿಳಿವಳಿಕೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ. ವಿಜಯನಗರ ಕಾಲದ ಅಭಿನವ ಧರ್ಮಭೂಷಣ ಯತಿಗಳ ನ್ಯಾಯದೀಪಿಕೆಯಲ್ಲಿ ಇವು ಸರಳವಾಗಿ ನಿರೂಪಿತವಾಗಿವೆ.

• ಸಂಶಯ: ಕಂಬವೋ ಮನುಷ್ಯನೋ ಎಂದು ಎರಡರ ನಡುವೆ ತೂಗಾಡುವುದು.
• ವಿಪರ್ಯಯ: ಮುತ್ತಿನ ಚಿಪ್ಪನ್ನು ಬೆಳ್ಳಿಯೆಂದೇ ನಿಶ್ಚಯಿಸುವುದು.
• ಅನಧ್ಯವಸಾಯ: ದಾರಿಯಲ್ಲಿ ನಡೆಯುವಾಗ ಕಾಲಿಗೆ ಹುಲ್ಲು ತಗುಲಿದರೆ ‘ಏನೋ’ ಎಂದು ಮುಂದೆ ಹೋಗುವಂತೆ, ಗಮನವಿಲ್ಲದೆ ಬಿಟ್ಟುಬಿಡುವುದು.

ಇವುಗಳಲ್ಲಿ ಸಂಶಯ ನಮಗೇ ಗೊತ್ತಾಗುತ್ತದೆ, ಆದ್ದರಿಂದ ವಿಚಾರಿಸುತ್ತೇವೆ. ಅನಧ್ಯವಸಾಯ ಯಾರಾದರೂ ಕೇಳಿದಾಗ ಗೊತ್ತಾಗುತ್ತದೆ. ವಿಪರ್ಯಯ ಮಾತ್ರ ಒಳಗಿನಿಂದ ನೋಡಿದರೆ ಸರಿಯಾದ ಜ್ಞಾನದಂತೆಯೇ ಕಾಣುತ್ತದೆ. ಆದ್ದರಿಂದ ಮನಸ್ಸು ‘ಇದರಲ್ಲಿ ವಿಚಾರಿಸುವುದೇನಿದೆ’ ಎಂದಾಗಲೇ ಹೆಚ್ಚು ಎಚ್ಚರ ಬೇಕು.

ಕಷಾಯ: ಭಾವದ ಬಣ್ಣ ಮತ್ತು ಅದರ ಅವಧಿ

ಈಹಾ ಹಂತವನ್ನು ಅಣ್ಣ ಏಕೆ ದಾಟಿದ? ಒಳಗೆ ಆಗಲೇ ಮಾನ ಎದ್ದಿತ್ತು: ‘ನಾನು ಹಿರಿಯ, ನನ್ನನ್ನೇ ಕರೆಯಲಿಲ್ಲ.’ ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು ಕಷಾಯಗಳಲ್ಲಿ ಒಂದೊಂದಕ್ಕೂ ತೀವ್ರತೆಗೆ ತಕ್ಕಂತೆ ನಾಲ್ಕು ಭೇದಗಳಿದ್ದು ಒಟ್ಟು 16 ಆಗುತ್ತವೆ. ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳೆಂಬ ಒಂಬತ್ತು ನೋಕಷಾಯಗಳನ್ನು ಸೇರಿಸಿದರೆ 25.

ಚಾವುಂಡರಾಯನ ಕಾಲದ ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕ್ರೋಧದ ನಾಲ್ಕು ಮಟ್ಟಗಳನ್ನು ನಾಲ್ಕು ಗೆರೆಗಳಿಗೆ ಹೋಲಿಸಿದ್ದಾರೆ: ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಗೆರೆ, ಧೂಳಿನ ಗೆರೆ, ನೀರಿನ ಗೆರೆ. ಮಾನವನ್ನು ಕಲ್ಲು, ಎಲುಬು, ಮರ, ಬೆತ್ತಗಳಿಗೆ ಹೋಲಿಸಿದೆ. ಕಲ್ಲು ಬಾಗುವುದಿಲ್ಲ, ಬೆತ್ತ ಬಾಗುತ್ತದೆ.

ಕಷಾಯದ ಸಂಸ್ಕಾರ ಒಳಗೆ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನೂ ಗೊಮ್ಮಟಸಾರ ಹೇಳುತ್ತದೆ:

• ಸಂಜ್ವಲನ: ಅಂತರ್ಮುಹೂರ್ತ, ಅಂದರೆ 48 ನಿಮಿಷದೊಳಗೆ.
• ಪ್ರತ್ಯಾಖ್ಯಾನಾವರಣ: ಒಂದು ಪಕ್ಷ.
• ಅಪ್ರತ್ಯಾಖ್ಯಾನಾವರಣ: ಆರು ತಿಂಗಳು.
• ಅನಂತಾನುಬಂಧಿ: ಆರು ತಿಂಗಳನ್ನು ಮೀರಿ, ಭವಭವಾಂತರಗಳವರೆಗೆ.

ಶ್ವೇತಾಂಬರ ಕರ್ಮಗ್ರಂಥಗಳಲ್ಲಿ ಈ ಅವಧಿಗಳು ಕ್ರಮವಾಗಿ ಒಂದು ಪಕ್ಷ, ನಾಲ್ಕು ತಿಂಗಳು, ಒಂದು ವರ್ಷ, ಜೀವನಪೂರ್ತಿ ಎಂದಿವೆ. ಸಂಖ್ಯೆ ಬೇರೆಯಾದರೂ ಆಶಯ ಒಂದೇ. ಸಿಟ್ಟು ಬಂದದ್ದಕ್ಕಿಂತ ಅದನ್ನು ಎಷ್ಟು ದಿನ ಇಟ್ಟುಕೊಂಡೆವು ಎಂಬುದು ದೊಡ್ಡ ಪ್ರಶ್ನೆ. ಅನಂತಾನುಬಂಧಿ ಕಷಾಯವು ಸಮ್ಯಕ್ತ್ವವನ್ನೇ ಘಾತಿಸುತ್ತದೆ, ಅಪ್ರತ್ಯಾಖ್ಯಾನಾವರಣವು ಅಣುವ್ರತಗಳನ್ನು, ಪ್ರತ್ಯಾಖ್ಯಾನಾವರಣವು ಮಹಾವ್ರತಗಳನ್ನು, ಸಂಜ್ವಲನವು ಯಥಾಖ್ಯಾತ ಚಾರಿತ್ರವನ್ನು ತಡೆಯುತ್ತದೆ. ಇಪ್ಪತ್ತು ವರ್ಷ ಮಾತು ಬಿಟ್ಟ ಅಣ್ಣ-ತಮ್ಮಂದಿರು ಪ್ರತಿದಿನ ಬಸದಿಗೆ ಹೋಗಿ ಅಭಿಷೇಕ ನೋಡಿ ಬರುತ್ತಿರಬಹುದು. ಆದರೆ ಈ ಲೆಕ್ಕವನ್ನು ತಮಗೆ ತಾವೇ ಹಾಕಿಕೊಂಡರೆ ಅವರು ಒಂದು ಕ್ಷಣವಾದರೂ ನಿಲ್ಲಬೇಕಾಗುತ್ತದೆ. ಈ ಲೆಕ್ಕ ಸ್ವಂತಕ್ಕೆ ಮಾತ್ರ. ‘ಅವನದು ಅನಂತಾನುಬಂಧಿ’ ಎಂದು ಇನ್ನೊಬ್ಬರಿಗೆ ಹಚ್ಚಿದರೆ ಅದೇ ನಮ್ಮ ಮಾನಕಷಾಯ.

ಪೂರ್ವಗ್ರಹ ಮತ್ತು ನಯ

ವಸ್ತು ಅನೇಕ ಧರ್ಮಗಳುಳ್ಳದ್ದು, ನಮ್ಮ ಒಂದೊಂದು ಮಾತೂ ಅದರ ಒಂದು ಮುಖವನ್ನಷ್ಟೇ ಹೇಳುತ್ತದೆ. ಹೀಗೆ ಒಂದು ಮುಖದಿಂದ ನೋಡುವ ದೃಷ್ಟಿಗೆ ನಯ ಎನ್ನುತ್ತಾರೆ. ಉಳಿದ ಮುಖಗಳನ್ನು ಅಲ್ಲಗಳೆಯದೆ ಇದ್ದರೆ ಅದು ಸುನಯ, ಇದೊಂದೇ ಸತ್ಯವೆಂದರೆ ದುರ್ನಯ.

ನಯಗಳಲ್ಲಿ ಮೂಲವಾದವು ದ್ರವ್ಯಾರ್ಥಿಕ ಮತ್ತು ಪರ್ಯಾಯಾರ್ಥಿಕ. ಉಳಿಯುವ ದ್ರವ್ಯವನ್ನು ಮೊದಲನೆಯದು ನೋಡಿದರೆ, ಬದಲಾಗುವ ಅವಸ್ಥೆಯನ್ನು ಎರಡನೆಯದು ನೋಡುತ್ತದೆ. ಮನೆಮಾತಿನಲ್ಲಿ ನಾವು ಇವೆರಡನ್ನೂ ಎಷ್ಟು ಸುಲಭವಾಗಿ ಕಲಸುತ್ತೇವೆ ನೋಡಿ. ‘ಅವನು ಆ ದಿನ ಸುಳ್ಳು ಹೇಳಿದ’ ಎಂಬುದು ಒಂದು ಪರ್ಯಾಯದ ಮಾತು. ‘ಅವನು ಸುಳ್ಳುಗಾರ’ ಎಂದಾಗ ಆ ಒಂದು ಅವಸ್ಥೆಯನ್ನು ಅವನ ಸ್ವಭಾವವೇ ಮಾಡಿಬಿಟ್ಟೆವು. ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ಮಗುವನ್ನು ‘ದಡ್ಡ’ ಎಂದಾಗಲೂ ಅಷ್ಟೇ. ಆ ಮಾತು ಮಗುವಿನ ಮನಸ್ಸಿನಲ್ಲಿ ಧಾರಣೆಯಾಗಿ ಉಳಿಯುತ್ತದೆ.

ಅನೇಕಾಂತವೆಂದರೆ ಎಲ್ಲರದೂ ಸರಿ ಎಂದು ಕೈಕಟ್ಟಿ ಕೂರುವುದಲ್ಲ. ಅನೇಕಾಂತ ಸಂಶಯವಲ್ಲ ಎಂದು ಜೈನ ತಾರ್ಕಿಕರು ಸ್ಪಷ್ಟವಾಗಿ ವಾದಿಸಿದ್ದಾರೆ. ಆಸ್ತಿಯ ಪಾಲು, ಹಿರಿಯರ ಚಿಕಿತ್ಸೆ, ಮಗಳ ಸಂಬಂಧ, ಇವೆಲ್ಲಕ್ಕೂ ಕೊನೆಗೆ ನಿರ್ಧಾರ ಬೇಕೇ ಬೇಕು. ‘ಯಾವ ಅಪೇಕ್ಷೆಯಿಂದ ನಾನು ಹೀಗೆ ಹೇಳುತ್ತಿದ್ದೇನೆ? ಎದುರಿನವರು ಯಾವ ಅಪೇಕ್ಷೆಯಿಂದ ಹೇಳುತ್ತಿದ್ದಾರೆ?’ ಎಂದು ಕೇಳಿಕೊಂಡ ನಂತರ ಬಂದ ನಿರ್ಧಾರ ಗಟ್ಟಿಯಾಗಿರುತ್ತದೆ, ತಪ್ಪಾಗಿದ್ದರೆ ತಿದ್ದಿಕೊಳ್ಳುವುದೂ ಸುಲಭ.

ಯಶೋಧರನ ನಿರ್ಧಾರ

ಈ ಮೂರೂ ದೋಷಗಳು ಒಂದೇ ನಿರ್ಧಾರದಲ್ಲಿ ಹೇಗೆ ಸೇರಬಲ್ಲವು ಎಂಬುದಕ್ಕೆ ಕನ್ನಡ ಜೈನ ಸಾಹಿತ್ಯದಲ್ಲೇ ಉದಾಹರಣೆಯಿದೆ. ಅದು 1209ರಲ್ಲಿ ಜನ್ನ ಕವಿ ರಚಿಸಿದ ಯಶೋಧರ ಚರಿತೆ. ರಾಣಿ ಅಮೃತಮತಿ ಮಾವಟಿಗನಲ್ಲಿ ಆಸಕ್ತಳಾದುದನ್ನು ಯಶೋಧರ ಕಣ್ಣಾರೆ ಕಾಣುತ್ತಾನೆ. ಕತ್ತಿ ಎತ್ತಿದರೂ ತಡೆದುಕೊಳ್ಳುತ್ತಾನೆ. ಕ್ರೋಧವನ್ನು ಆ ಕ್ಷಣ ಗೆದ್ದದ್ದು ನಿಜ. ಆದರೆ ಮರುದಿನ ತಾಯಿ ಚಂದ್ರಮತಿಗೆ ನಡೆದದ್ದನ್ನು ಹೇಳದೆ ಕೆಟ್ಟ ಕನಸು ಕಂಡೆನೆಂದು ಮರೆಮಾಚುತ್ತಾನೆ. ಅಲ್ಲಿ ಮಾಯೆ ಸೇರಿತು. ತಾಯಿ ಅದನ್ನು ಅಪಶಕುನವೆಂದೇ ನಂಬಿ ಭಯಪಡುತ್ತಾಳೆ, ದೇವಿಗೆ ಬಲಿ ಕೊಡಲು ಒತ್ತಾಯಿಸುತ್ತಾಳೆ. ಜೀವಬಲಿ ಒಪ್ಪದ ಮಗ ಕೊನೆಗೆ ತಾಯಿಯ ಮಾತು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿ ಕೊಡಲು ಒಪ್ಪುತ್ತಾನೆ.

‘ಬರೀ ಹಿಟ್ಟು ತಾನೆ’ ಎಂಬುದು ಇಲ್ಲಿನ ಪೂರ್ವಗ್ರಹ. ಕೈಯಲ್ಲಿದ್ದದ್ದು ಹಿಟ್ಟು, ಆದರೆ ಮನಸ್ಸಿನಲ್ಲಿದ್ದ ಸಂಕಲ್ಪ ಕೊಲ್ಲುವುದೇ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ-ಮಗ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ಅಲೆಯುತ್ತಾರೆ. ಈ ಕಥೆಯಲ್ಲಿ ಯಶೋಧರನೂ ಚಂದ್ರಮತಿಯೂ ದುಷ್ಟರಲ್ಲ. ಮಗನಿಗೆ ನೋವು, ತಾಯಿಗೆ ಪ್ರೀತಿ, ಇಬ್ಬರಿಗೂ ಒಬ್ಬರನ್ನೊಬ್ಬರು ಉಳಿಸಿಕೊಳ್ಳುವ ಆತುರ. ಒಳ್ಳೆಯ ಮನೆಗಳಲ್ಲೂ ಕೆಟ್ಟ ನಿರ್ಧಾರಗಳು ಹೀಗೆಯೇ ಆಗುತ್ತವೆ. ಮಗ ಇದ್ದದ್ದನ್ನು ಇದ್ದಂತೆ ಹೇಳಿದ್ದರೆ, ತಾಯಿ ‘ನಿಜವಾಗಿ ಏನಾಯಿತು ಮಗನೆ’ ಎಂದು ಮತ್ತೊಮ್ಮೆ ಕೇಳಿದ್ದರೆ, ಬಲಿಯ ಮಾತೇ ಬರುತ್ತಿರಲಿಲ್ಲ.

108ರ ಲೆಕ್ಕ

ಜಪಮಾಲೆಯ 108 ಮಣಿಗಳಿಗೆ ಹಿರಿಯರು ಹೇಳುವ ಒಂದು ವಿವರಣೆ ಆತ್ಮಾವಲೋಕನಕ್ಕೆ ನೇರವಾಗಿ ಸಂಬಂಧಿಸಿದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜೀವದ ಕಡೆಯಿಂದ ಆಸ್ರವಕ್ಕೆ ಆಧಾರವಾಗುವ 108 ಭೇದಗಳನ್ನು ಹೇಳಿದೆ:

• ಸಂರಂಭ (ಮಾಡಬೇಕೆಂಬ ಸಂಕಲ್ಪ), ಸಮಾರಂಭ (ಅದಕ್ಕೆ ಸಾಧನ ಸಿದ್ಧಮಾಡಿಕೊಳ್ಳುವುದು), ಆರಂಭ (ಕೆಲಸಕ್ಕೆ ತೊಡಗುವುದು): 3
• ಮನಸ್ಸು, ಮಾತು, ಕಾಯ: 3
• ಕೃತ (ತಾನು ಮಾಡಿದ್ದು), ಕಾರಿತ (ಮಾಡಿಸಿದ್ದು), ಅನುಮೋದಿತ (ಒಪ್ಪಿದ್ದು): 3
• ಕ್ರೋಧ, ಮಾನ, ಮಾಯಾ, ಲೋಭ: 4

ಇವುಗಳನ್ನು ಗುಣಿಸಿದರೆ 108. ಸಾಲ ಕೇಳಲು ಬಂದವರಿಗೆ ‘ಅಪ್ಪ ಮನೆಯಲ್ಲಿಲ್ಲ’ ಎಂದು ಮಗುವಿನ ಬಾಯಲ್ಲಿ ಹೇಳಿಸಿದರೆ ಸುಳ್ಳು ಹೇಳಿದ್ದು ಮಗು, ಆದರೆ ಮಾಯೆಯಿಂದ ಹೇಳಿಸಿದ ಕಾರಿತ ದೋಷ ಅಪ್ಪನದು. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಯಾರನ್ನೋ ಹೀಯಾಳಿಸಿದ ಮಾತಿಗೆ ಹೆಬ್ಬೆರಳಿನ ಗುರುತು ಒತ್ತಿದರೆ ‘ನಾನೇನೂ ಹೇಳಲಿಲ್ಲ’ ಎನ್ನಲಾಗದು, ಅದು ಅನುಮೋದನೆ. ಕೆಲಸ ಕೈಯಿಂದ ನಡೆಯುವ ಮೊದಲು ಸಂರಂಭ, ಸಮಾರಂಭ ಎಂಬ ಎರಡು ಮೆಟ್ಟಿಲುಗಳಿವೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಮೊದಲ ಮೆಟ್ಟಿಲಲ್ಲೇ ಎಚ್ಚರವಾದರೆ ತಡೆಯುವುದು ಸುಲಭ.

ನಿತ್ಯದ ಅಭ್ಯಾಸ

ಷಡಾವಶ್ಯಕಗಳಾದ ಸಾಮಾಯಿಕ, ಚತುರ್ವಿಂಶತಿಸ್ತವ, ವಂದನಾ, ಪ್ರತಿಕ್ರಮಣ, ಪ್ರತ್ಯಾಖ್ಯಾನ, ಕಾಯೋತ್ಸರ್ಗಗಳಲ್ಲಿ ಆತ್ಮಾವಲೋಕನದ ಕ್ರಮ ಪೂರ್ತಿಯಾಗಿ ಅಡಗಿದೆ. ಆಚಾರ್ಯ ಕುಂದಕುಂದರು ಸಮಯಸಾರದಲ್ಲಿ ಹಿಂದಿನ ದೋಷಕ್ಕೆ ಪ್ರತಿಕ್ರಮಣವನ್ನೂ, ಈಗಿನದಕ್ಕೆ ಆಲೋಚನೆಯನ್ನೂ, ಮುಂದಿನದಕ್ಕೆ ಪ್ರತ್ಯಾಖ್ಯಾನವನ್ನೂ ಹೊಂದಿಸಿ ಹೇಳಿದ್ದಾರೆ. ದೈವಸಿಕ, ರಾತ್ರಿಕ, ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಎಂದು ಪ್ರತಿಕ್ರಮಣಕ್ಕೆ ಕಾಲಗಳೂ ಗೊತ್ತಾಗಿವೆ. ಇವುಗಳನ್ನು ಮೇಲೆ ಹೇಳಿದ ಕಷಾಯದ ಅವಧಿಗಳ ಪಕ್ಕದಲ್ಲಿಟ್ಟು ನೋಡಿದರೆ ಉದ್ದೇಶ ತಿಳಿಯುತ್ತದೆ. ಒಂದು ಕಷಾಯ ಮುಂದಿನ ಮಟ್ಟಕ್ಕೆ ಗಟ್ಟಿಯಾಗುವ ಮೊದಲೇ ಅದನ್ನು ಕರಗಿಸಲು ಅವಕಾಶ ಸಿಗುತ್ತದೆ.

ವಿಧಿಪೂರ್ವಕ ಪ್ರತಿಕ್ರಮಣವನ್ನು ಮುನಿಗಳಿಂದ ಅಥವಾ ತಿಳಿದ ಹಿರಿಯರಿಂದ ಕಲಿಯಬೇಕು. ಅದರ ಜೊತೆಗೆ ಮನೆಯಲ್ಲಿ ಹೀಗೆ ಅಭ್ಯಾಸ ಮಾಡಬಹುದು:

1. ದಿನಕ್ಕೊಮ್ಮೆ ಸಾಮಾಯಿಕಕ್ಕೆ ಕೂರುವುದು. ಪೂರ್ಣ ಅವಧಿ ಎರಡು ಘಳಿಗೆ, ಅಂದರೆ 48 ನಿಮಿಷ. ಆರಂಭದಲ್ಲಿ ಸಾಧ್ಯವಾದಷ್ಟು ಹೊತ್ತು ಕುಳಿತು ಅಭ್ಯಾಸ ಬೆಳೆಸಿಕೊಳ್ಳಬಹುದು.
2. ಮಲಗುವ ಮುನ್ನ ಆ ದಿನದ ಒಂದೇ ಒಂದು ಪ್ರಸಂಗವನ್ನು ತೆಗೆದುಕೊಂಡು ಕೇಳಿಕೊಳ್ಳುವುದು: ನಾನು ಕಂಡದ್ದೇನು, ಊಹಿಸಿದ್ದೇನು? ಆಗ ನಾಲ್ಕು ಕಷಾಯಗಳಲ್ಲಿ ಯಾವುದು ಎದ್ದಿತ್ತು?
3. ಯಾರಿಗಾದರೂ ನೋವಾಗಿದ್ದರೆ ಮರುದಿನವೇ ಹೇಳಿ ಸರಿಪಡಿಸುವುದು. ದಶಲಕ್ಷಣ ಪರ್ವದ ನಂತರದ ಕ್ಷಮಾವಾಣಿಗೋ, ಸಂವತ್ಸರಿಗೋ ಕಾಯಬೇಕಾಗಿಲ್ಲ.
4. ಕ್ಷಮಾಪಣೆಯ ದಿನ ಎಲ್ಲರಿಗೂ ಒಂದೇ ಸಂದೇಶ ಕಳುಹಿಸುವ ಮೊದಲು, ನಿಜವಾಗಿ ಮಾತು ಬಿಟ್ಟಿರುವ ಒಬ್ಬರಿಗೆ ಫೋನ್ ಮಾಡುವುದು.
5. ದೊಡ್ಡ ನಿರ್ಧಾರವನ್ನು ಸಿಟ್ಟಿನಲ್ಲೋ, ಭಯದಲ್ಲೋ, ಅತಿಯಾದ ಸಂತೋಷದಲ್ಲೋ ತೆಗೆದುಕೊಳ್ಳದೆ ಕನಿಷ್ಠ ಒಂದು ಮುಹೂರ್ತವಾದರೂ ತಡೆದುಕೊಳ್ಳುವುದು.

ಎರಡು ಎಚ್ಚರಿಕೆಗಳು

ಮೊದಲನೆಯದು: ಆತ್ಮಾವಲೋಕನವೆಂದರೆ ತನ್ನನ್ನು ತಾನೇ ಹಳಿದುಕೊಳ್ಳುತ್ತ ಕೊರಗುವುದಲ್ಲ. ಶೋಕವೂ ಅರತಿಯೂ ನೋಕಷಾಯಗಳೇ ಎಂಬುದನ್ನು ಮರೆಯಬಾರದು. ದೋಷವನ್ನು ನೋಡಿ, ಒಪ್ಪಿ, ಮುಂದೆ ಮಾಡುವುದಿಲ್ಲವೆಂದು ನಿಶ್ಚಯಿಸಿ ಬಿಟ್ಟುಬಿಡಬೇಕು. ದಿನಗಟ್ಟಲೆ ನಿದ್ರೆಯಿಲ್ಲದೆ, ಯಾವುದರಲ್ಲೂ ಮನಸ್ಸಿಲ್ಲದೆ ಕೊರಗುತ್ತಿದ್ದರೆ ವೈದ್ಯರನ್ನು ಕಾಣುವುದು ಅಗತ್ಯ. ಅದು ಸಾಧನೆಗೆ ವಿರೋಧವಲ್ಲ.

ಎರಡನೆಯದು: ಕ್ಷಮೆಯೆಂದರೆ ಅನ್ಯಾಯವನ್ನು ಮುಚ್ಚುವುದಲ್ಲ. ಪಾಲಿನಲ್ಲಿ ತಪ್ಪಾಗಿದ್ದರೆ ಲೆಕ್ಕ ಸರಿಮಾಡಲೇಬೇಕು. ಮನೆಯಲ್ಲಿ ಯಾರಾದರೂ ಹಿಂಸೆಗೆ ಒಳಗಾಗಿದ್ದರೆ ‘ನಿನ್ನ ಕಷಾಯ ನೋಡಿಕೋ’ ಎಂದು ಅವರ ಬಾಯಿ ಮುಚ್ಚಿಸಬಾರದು. ದ್ವೇಷವಿಲ್ಲದೆ ನ್ಯಾಯ ಕೇಳಲು ಸಾಧ್ಯವಿದೆ.

ಆಮಂತ್ರಣ ಪತ್ರಿಕೆಯ ಅಣ್ಣನಿಗೆ ಅಂದು ಬೇಕಾಗಿದ್ದದ್ದು ಒಂದು ಪ್ರಶ್ನೆ ಮಾತ್ರ: ‘ಏನಪ್ಪಾ, ನನಗೆ ಪತ್ರಿಕೆ ಬಂದಿಲ್ಲವಲ್ಲ?’ ಆ ಪ್ರಶ್ನೆ ಬಾಯಿಗೆ ಬಾರದಂತೆ ತಡೆದದ್ದು ಮಾನ. ಇಪ್ಪತ್ತು ವರ್ಷಗಳ ನಂತರವೂ ಅದನ್ನು ಕೇಳಬಹುದು. ಕಲ್ಲಿನ ಮೇಲಿನ ಗೆರೆ ಅಳಿಸುವುದು ಕಷ್ಟ, ಆದರೆ ಕಷಾಯ ಜೀವದ ಸ್ವಭಾವವಲ್ಲ, ಅದೊಂದು ವಿಭಾವ ಪರ್ಯಾಯ. ಪರ್ಯಾಯ ಬದಲಾಗುತ್ತದೆ.

ಜೈ ಜಿನೇಂದ್ರ.